ಹದಿನೇಳನೇ ನಂಬರಿನ ನಾಡಿ

ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಇರುವ ಚೀಲದ ಮೇಲೆ ‘ವ್ಯಾಯಾಮ ಮತ್ತು ಶರೀರಶಾಸ್ತ್ರ: ವಿಚಾರ ಸಂಕಿರಣ’ ಎಂದು ಬರೆದಿದೆ. ಹುಣಸೆಹಣ್ಣಿನ ಚೀಲದ ಮೇಲೆ ಇನ್ನೊಂದು ಊರಿನ ಇನ್ನೊಂದು ಸಂಕಿರಣ. ಒಣಮೆಣಸಿನಕಾಯಿಯದು ರಾಜ್ಯಮಟ್ಟದ್ದು. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿ ಇಡೀ ನೌಕರಿ ಮುಗಿಸಿ ಗಳಿಸಿದ್ದೇನು ಎಂದು ಬೀಗರು ಯಾರಾದರೂ ಕೇಳಿದರೆ ನನ್ನ ಹೆಂಡತಿ ಶಾಂತಾ ಈ ಚೀಲಗಳ ಕಡೆ ಕೈ ಮಾಡುತ್ತಾಳೆ. “ನಮ್ಮನಿಯವ್ರು ಓಡಿ ಓಡಿ ಗಳಿಸಿದ್ದು ಇಷ್ಟು ನೋಡ್ರಿ” ಎನ್ನುತ್ತಾಳೆ. ಸಂಕಿರಣಕ್ಕೆ ಹೋದವರಿಗೆಲ್ಲ ಒಂದು ರೆಕ್ಸಿನ್ ಚೀಲ, ಅದರೊಳಗೆ ಬರೆಯದ ಒಂದು ಪೆನ್ನು, ಬರೆದರೆ ಹರಿಯುವ ಒಂದು ನೋಟುಪುಸ್ತಕ. ವಿಜ್ಞಾನ ಮುಂದುವರಿಯಿತೋ ಇಲ್ಲವೋ, ನಮ್ಮ ಮನೆಯ ದಿನಸಿಗೆ ಮಾತ್ರ ಒಳ್ಳೆಯ ಬಂದೋಬಸ್ತಾಯಿತು.

ಮೊನ್ನೆ ಬೆಳ್ಳುಳ್ಳಿ ಚೀಲದ ಝಿಪ್ಪು ಕಿತ್ತುಬಂತು. ಶಾಂತಾ ಅದನ್ನು ಎಸೆಯಲು ಹೊರಟಳು. ಅದೊಂದನ್ನು ಬಿಡು ಎಂದೆ. ಅದು ನನ್ನ ಮೊದಲ ಚೀಲ, ಲಿಂಗಸುಗೂರಿನದು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಖರೆ ಹೇಳಬೇಕೆಂದರೆ ಆ ಚೀಲವನ್ನು ನಾನು ಕೈಯಾರೆ ಇಸಿದುಕೊಳ್ಳಲೂ ಇಲ್ಲ. ಸಂಕಿರಣವನ್ನು ನಡುವೆಯೇ ಬಿಟ್ಟು ಓಡಿಬಂದಿದ್ದೆ; ಆಮೇಲೆ ಗೆಳೆಯನೊಬ್ಬ ತಂದುಕೊಟ್ಟ. ಅವತ್ತು ಲಿಂಗಸುಗೂರಿನಿಂದ ಸಿಂಧನೂರಿಗೆ ನಾನು ಓಡಿದ್ದು ಒಬ್ಬ ಹಮಾಲನ ಜೀವ ಉಳಿಸಲಿಕ್ಕೆ. ಓಡುವುದಕ್ಕೆ ಮೊದಲು ಆ ಜೀವಕ್ಕೆ ಕುತ್ತು ತಂದಿಟ್ಟವನೂ ನಾನೇ. ಇದನ್ನು ಶಾಂತಾಳಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಅವಳಿಗೆ ಹೇಳಬೇಡಿ.

ನಾನು ಬೆಳೆದದ್ದು ಮಸ್ಕಿಯಲ್ಲಿ. ಗುಡ್ಡದ ಬುಡದ ನಮ್ಮ ಓಣಿಯಲ್ಲಿ ಒಂದು ಗರಡಿಮನೆ. ಅಲ್ಲಿಯ ಉಸ್ತಾದರು ನಮ್ಮಿಂದ ಬೈಠಕ್ ಹೊಡೆಸುವರು. ಕಾಲು ನಡುಗಲು ಹತ್ತಿ ನಾವು ಕೂತುಬಿಟ್ಟರೆ ಬಂದು ಬೆನ್ನಿಗೆ ಕಿವಿ ಹಚ್ಚುವರು. ಅವರ ಗಡ್ಡ ಬೆನ್ನಿಗೆ ಚುಚ್ಚಿ ಕಚಗುಳಿಯಾಗಿ ನಗು ಬರುತ್ತಿತ್ತು. “ಸುಳ್ಳ ಹೇಳ್ತಿ ಏನಲೇ? ಒಳಗ ಇನ್ನಾ ಹತ್ತು ಅದಾವ, ಹೊಡಿ” ಎನ್ನುವರು. ಅವರ ಕಿವಿಗೆ ಸುಳ್ಳು ನಡೆಯುತ್ತಿರಲಿಲ್ಲ. ಒಂದು ಸಲ ನಮ್ಮೆಲ್ಲರಿಗಿಂತ ದಾಂಡಿಗನಾಗಿದ್ದ ಒಬ್ಬನ ಬೆನ್ನಿಗೆ ಬಹಳ ಹೊತ್ತು ಕಿವಿ ಹಚ್ಚಿಕೊಂಡೇ ಕೂತರು. ಆಮೇಲೆ “ನೀ ಮಣ್ಣಿಗೆ ಇಳಿಬ್ಯಾಡಪ, ಲೆಕ್ಕ ಇಡು” ಎಂದು ಅವನನ್ನು ಕಟ್ಟೆಯ ಮೇಲೆ ಕೂರಿಸಿಬಿಟ್ಟರು. ನಾವು ಅವನನ್ನು ಹೆಣ್ಣಪ್ಪ ಎಂದು ಕಾಡಿದೆವು. ಉಸ್ತಾದರಿಗೆ ಏನು ಕೇಳಿಸಿತ್ತು ಎಂದು ಒಬ್ಬರೂ ವಿಚಾರ ಮಾಡಲಿಲ್ಲ. ಮುಂದೆ ಡಿಗ್ರಿ ಪಡೆದು, ಕೊರಳಿಗೆ ಸೀಟಿ ಕಟ್ಟಿಕೊಂಡು, ಅಮಲು ಹತ್ತಿದವನಂತೆ ಸ್ಟಾಪ್‌ವಾಚ್ ಹಿಡಿದು ತಿರುಗಿದ ಕಾಲದಲ್ಲಿ ನಾನೂ ಅದನ್ನು ಪೂರ್ತಿ ಮರೆತಿದ್ದೆ.

ನಮ್ಮಜ್ಜಿಯದು ಬೇರೆಯದೇ ಶಾಸ್ತ್ರ. ನಾನು ಹಾಸಿಗೆಯಲ್ಲಿ ಮಲಗಿ ನನ್ನ ನಾಡಿ ನಾನೇ ಎಣಿಸುತ್ತಿದ್ದರೆ ಕೈಗೆ ಒಂದು ಬಿಡುವಳು. “ಎಣಸಬ್ಯಾಡಲೇ, ಎಣಿಸಿದ್ರ ಕಡಿಮಿ ಆಗ್ತಾವ” ಎನ್ನುವಳು. ಕೋಳಿಮರಿ, ಮಕ್ಕಳು, ರೊಟ್ಟಿ, ನಾಡಿ, ಇವನ್ನೆಲ್ಲ ಎಣಿಸಬಾರದು ಎಂಬುದು ಅವಳ ಕಟ್ಟಪ್ಪಣೆ. ನಾನು ಜೀವಮಾನವಿಡೀ ಎಣಿಸಿಯೇ ಉಂಡವನು.

ಸಿಂಧನೂರಿನ ಕಾಲೇಜಿಗೆ ನಾನು ಬಂದಾಗ ಎಲ್ಲ ಕಡೆಯ ದೈಹಿಕ ಶಿಕ್ಷಣದವರೂ ಕ್ರೀಡಾಪಟುಗಳ ಎದೆಬಡಿತದ ಮೇಲೆ ಪ್ರಬಂಧ ಬರೆಯುತ್ತಿದ್ದರು. ನನಗೂ ಬರೆಯುವ ಹುಚ್ಚು. ಆದರೆ ನಮ್ಮ ಕಾಲೇಜಿನಲ್ಲಿ ಓಟಗಾರರು ಎಂದರೆ ಸಂಜೆಯ ಬಸ್ಸು ಹಿಡಿಯಲು ಓಡುವವರು ಮಾತ್ರ. ಆಗ ನನ್ನ ಕಣ್ಣು ಬಿದ್ದದ್ದು ಕಾಲುವೆ ಬದಿಯ ಅಕ್ಕಿ ಗಿರಣಿಯ ಹಮಾಲರ ಮೇಲೆ. ಕ್ವಿಂಟಲ್ ಚೀಲ ಬೆನ್ನಿಗೇರಿಸಿಕೊಂಡು, ಗೇಣಗಲದ ಹಲಗೆಯ ಮೇಲೆ ಲಾರಿ ಏರುವ ಮಂದಿ. ಇವರಿಗಿಂತ ದೊಡ್ಡ ಕ್ರೀಡಾಪಟುಗಳು ಯಾರು? ಬಡಗಿಯಿಂದ ಒಂದು ಮಣೆ ಮಾಡಿಸಿದೆ. ಅದನ್ನು ಐದು ನಿಮಿಷ ತಾಳಕ್ಕೆ ಸರಿಯಾಗಿ ಹತ್ತಿ ಇಳಿಯಬೇಕು. ಆಮೇಲೆ ಕೂತು ನಾಡಿ ಎಷ್ಟು ಬೇಗ ತಹಬಂದಿಗೆ ಬರುತ್ತದೆ ಎಂದು ನಾನು ಎಣಿಸಬೇಕು. ಇಷ್ಟೇ ಪರೀಕ್ಷೆ.

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮ್ಯಾಲ ಏನೂ ಹೊರಸಂಗಿಲ್ಲೇನ್ರಿ ಮಾಸ್ತರ?” ಎಂದ ಒಬ್ಬ. ಅವರ ತಂಡದ ಹಿರಿಯ, ಮುಕಾದಮ ಹುಲಿಗೆಪ್ಪ, ಮಣೆಯ ಸುತ್ತ ಒಂದು ಸುತ್ತು ಬಂದು, “ಹತ್ತೂದು, ಇಳಿಯೂದು, ಎಲ್ಲಿಗೂ ಹೋಗಂಗಿಲ್ಲ. ಇಂಥ ಕೆಲಸ ನಾ ಹುಟ್ಟಿದಾಗಿಂದ ನೋಡಿಲ್ಲ ಬಿಡ್ರಿ” ಎಂದ. ಆದರೂ ತಾಳಕ್ಕೆ ತಾನೇ ತಗಡಿನ ಡಬ್ಬಿ ಬಡಿದ. ಗಿರಣಿಯ ಗುಮಾಸ್ತ ಸುಬ್ಬಾರಾವ್ ತಂಡದ ಯಾದಿ ಕೊಟ್ಟ. ಒಂದರಿಂದ ಶುರುವಾಗಿ ಒಂದೊಂದು ನಂಬರಿಗೆ ಒಂದೊಂದು ಹೆಸರು. ನಾನು ಹೆಸರು ಕೂಗುತ್ತಿದ್ದೆ, ಒಬ್ಬ “ಹೂಂ ರೀ” ಎಂದು ಬರುತ್ತಿದ್ದ, ಹತ್ತಿ ಇಳಿಯುತ್ತಿದ್ದ, ಕೈ ಚಾಚುತ್ತಿದ್ದ. ಮೈಯೆಲ್ಲ ತೌಡಿನ ಧೂಳು, ತಲೆಗೆ ಮುಖಕ್ಕೆ ಸುತ್ತಿದ ಟವೆಲು. ನನಗೆ ಬೇಕಾದದ್ದು ಮುಂಗೈ ಮಾತ್ರ. ಮುಂಗೈ ಹಿಡಿದು ನಾನು ವಾಚು ನೋಡುತ್ತಿದ್ದೆ.

“ಹದಿನೇಳು, ದೇವಪ್ಪ!” ಎಂದು ಕೂಗಿದಾಗಲೂ ಹಾಗೆಯೇ ಒಬ್ಬ “ಹೂಂ ರೀ” ಎಂದು ಬಂದ. ಅವನ ನಾಡಿ ಮಾತ್ರ ವಿಚಿತ್ರವಾಗಿತ್ತು. ಎರಡು ಹೊಡೆದು ಒಂದು ನುಂಗುತ್ತಿತ್ತು. ಮತ್ತೆ ಮೂರು ಹೊಡೆದು ತಡೆಯುತ್ತಿತ್ತು. ಹೊತ್ತಾದರೂ ಇಳಿಯಲೊಲ್ಲದು. ಗಿರಣಿಯ ಗದ್ದಲದಲ್ಲಿ ನನ್ನ ಎಣಿಕೆಯೇ ತಪ್ಪಿರಬೇಕು ಎಂದುಕೊಂಡೆ. ಮನೆಗೆ ಬಂದು ನಕ್ಷೆ ಬರೆದೆ. ಉಳಿದವರೆಲ್ಲರ ಚುಕ್ಕಿಗಳು ಶಿಸ್ತಾಗಿ ಒಂದು ಸಾಲಿನಲ್ಲಿ ಇಳಿದುಬಂದವು. ಹದಿನೇಳರದೊಂದೇ ಮೇಲೆ ಎಲ್ಲೋ ಒಂಟಿಯಾಗಿ ನಿಂತಿತು. ಚೆಂದದ ನಕ್ಷೆ ಕೆಟ್ಟುಹೋಯಿತಲ್ಲ ಎಂದು ನನಗೆ ಸಿಟ್ಟು ಬಂತು. ಕೆಂಪು ಮಸಿಯಲ್ಲಿ ‘ಎಣಿಕೆ ತಪ್ಪಿದೆ’ ಎಂದು ಬರೆದು ಅವನನ್ನು ಹೊಡೆದುಹಾಕಿದೆ. ಆಮೇಲೆ ನಕ್ಷೆ ಬಹಳ ಲಕ್ಷಣವಾಗಿ ಕಂಡಿತು.

ಲಿಂಗಸುಗೂರಿನ ಸಂಕಿರಣದಲ್ಲಿ ನನ್ನದು ಬೆಳಗಿನ ಮೂರನೆಯ ಪ್ರಬಂಧ. ಮೊದಲ ಸಂಕಿರಣ ಯಾರಿಗಾದರೂ ಮೊದಲ ಕುಸ್ತಿ ಇದ್ದ ಹಾಗೆ. ಹೊಸ ಸಫಾರಿ ಹೊಲಿಸಿದ್ದೆ, ಕಂಕುಳಲ್ಲಿ ಬಿಗಿ. ಕರೆಂಟು ಹೋಗಿ ಮೈಕು ಸತ್ತಿತ್ತು. ನಾನು ಮೈದಾನದಲ್ಲಿ ಡ್ರಿಲ್ ಮಾಡಿಸುವ ಗಂಟಲಿನಲ್ಲೇ ಪ್ರಬಂಧ ಓದಿದೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಇಬ್ಬರು ದೈಹಿಕ ಶಿಕ್ಷಣ ನಿರ್ದೇಶಕರು ಸೆಟೆದು ಕೂತರು. ಹಮಾಲರ ಎದೆ ಪಟುಗಳ ಎದೆಗೆ ಸರಿಸಾಟಿ ಎಂದು ಸಾರಿ, ಡ್ರಾಯಿಂಗ್ ಶೀಟಿನ ಮೇಲಿನ ನಕ್ಷೆ ತೋರಿಸಿ, ಬೆವರು ಒರೆಸಿಕೊಂಡೆ. ಚಪ್ಪಾಳೆ ಬಂತು. ಅಧ್ಯಕ್ಷರು, “ಬಹುಮಾನಕ್ಕ ಯೋಗ್ಯ ಐತಿ” ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಆಗ ಮುಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದರು. ಡಾಕ್ಟರ್ ಸುಮಂಗಲಾ ಎಂದು, ಹುಬ್ಬಳ್ಳಿ ಕಡೆಯಿಂದ ಬಂದ ಶರೀರಶಾಸ್ತ್ರದ ಪ್ರಾಧ್ಯಾಪಕಿ. ಸಣ್ಣ ದನಿ. “ಭಾಳ ಛಲೋ ಕೆಲಸ ಮಾಡೀರಿ. ನಿಮ್ಮ ಮೂಲ ಹಾಳೆ ಅದಾವೇನು? ನೋಡಬಹುದಾ?” ಎಂದರು. ಹೆಮ್ಮೆಯಿಂದ ಕೊಟ್ಟೆ. ಅವರು ಬೆರಳಿಟ್ಟು ಸಾಲು ಸಾಲು ನೋಡುತ್ತ ಬಂದು ಕೆಂಪು ಮಸಿಯ ಹತ್ತಿರ ನಿಂತರು.

“ಇವರೊಬ್ಬರನ್ನ ಯಾಕ ಬಿಟ್ಟೀರಿ?”

“ಎಣಿಕಿ ತಪ್ಪೇತಿ ಮೇಡಂ.”

“ನೀವು ತಪ್ಪೀರೋ, ಇವರ ಎದಿ ತಪ್ಪೇತೋ?”

ನಾನು ಹಾಳೆಯ ಕಡೆ ಬಗ್ಗಿದೆ. ಅವರು ಹಾಳೆಯ ಅಂಚಿನಲ್ಲಿ ನಾನು ಹಾಕಿದ್ದ ಗೀಟುಗಳನ್ನು ತೋರಿಸಿದರು. ತಡೆದಾಗಲೆಲ್ಲ ನಾನೇ ಪ್ರಾಮಾಣಿಕವಾಗಿ ಒಂದೊಂದು ಗೀಟು ಹಾಕಿದ್ದೆ. “ಇಷ್ಟು ಸಲ ತಪ್ಪಿ ಎಣಿಸೋ ಮನುಷ್ಯಾ ಉಳಿದವ್ರನ್ನ ಇಷ್ಟು ಸರಿ ಎಣಿಸ್ತಿರಲಿಲ್ಲ. ಇವರಿಗೆ ಹೃದಯದ ತೊಂದರಿ ಇರಬೇಕು. ಇವರು ಈಗ ಎಲ್ಲಿ ಅದಾರ?”

“ಗಿರಣ್ಯಾಗ.”

“ಏನು ಮಾಡಾಕತ್ಯಾರ?”

ನಾನು ಗೋಡೆಯ ಗಡಿಯಾರ ನೋಡಿದೆ. ಸುಗ್ಗಿ ಮುಗಿದು ಗಿರಣಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳು. ಆ ಹೊತ್ತಿಗೆ ಮೊದಲ ಲಾರಿ ಬಂದು ಹಲಗೆ ಹಾಕಿರುತ್ತಾರೆ. “ಚೀಲ ಹೊರಾಕತ್ತಿರ್ತಾನ” ಎಂದೆ. ಅವರು ಹಾಳೆ ನನ್ನ ಕೈಗಿಟ್ಟು, “ಇಲ್ಲಿ ಫೋನ್ ಎಲ್ಲೈತಿ?” ಎಂದರು. ಬಹುಮಾನದ ವಿಚಾರ ನನ್ನ ತಲೆಯಿಂದ ಹಾರಿಹೋಯಿತು ಎಂದು ಬರೆಯಲು ಆಸೆ. ಸುಳ್ಳಾಗುತ್ತದೆ. ಅದು ಹಾರಿದ್ದು ನಾನು ವೇದಿಕೆ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ಸಿಂಧನೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕೂತೆವು. ಆಗ ಫೋನು ಎಂದರೆ ಹೀಗೆಯೇ: ಎತ್ತಿಟ್ಟು, ಕಾಯಬೇಕು. ಡಾಕ್ಟರಮ್ಮ ಅಷ್ಟರಲ್ಲಿ ರಾಯಚೂರಿನ ಒಬ್ಬ ವೈದ್ಯರಿಗೆ ಚೀಟಿ ಬರೆದರು. “ಅವರು ಇನ್ನೊಂದು ಚೀಲಾನೂ ಎತ್ತಬಾರದು. ನಾಳಿಗೇ ಕರಕೊಂಡು ಹೋಗ್ರಿ” ಎಂದರು. ನಾನು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡಿದೆ. ಎಷ್ಟೋ ಹೊತ್ತಿಗೆ ಫೋನಿನ ಗಂಟೆ ಹೊಡೆಯಿತು. ಆ ಕಡೆ ಸುಬ್ಬಾರಾವ್.

“ಸುಬ್ಬಾರಾಯರ, ಹದಿನೇಳನೇ ನಂಬರ್ ದೇವಪ್ಪ! ಅವ ಚೀಲ ಹೊರಬಾರದು! ಕುಂದ್ರಸ್ರಿ ಅವನ್ನ!”

“ಯಾಕ್ರಿ ಮಾಸ್ಟರ್‌ಗಾರು, ಏನ್ ಮಾಡ್ಯಾನ ಅವ?”

“ಏನೂ ಮಾಡಿಲ್ಲ. ಮೊದಲ ಕುಂದ್ರಸ್ರಿ!”

“ಆಯ್ತ್ರಿ, ಕುಂದ್ರಸ್ತೀನಿ” ಎಂದ. ಯಾಕೆ ಎಂದು ಹೇಳುವಷ್ಟರಲ್ಲಿ ಲೈನು ಕಡಿಯಿತು. ಆದರೇನು, ಕೆಲಸವಾಗಿತ್ತು. ಚೀಟಿ ಕಿಸೆಗೆ ಹಾಕಿಕೊಂಡು ಬಸ್ಸಿಗೆ ಓಡಿದೆ.

ಬಸ್ಸು ಮಸ್ಕಿ ಮುಟ್ಟುವ ಹೊತ್ತಿಗೆ ಇಂಜಿನ್ನಿನಿಂದ ಹಬೆ ಎದ್ದಿತು. “ನೀರು ಹಾಕಿ ಆರಿಸಬೇಕು, ಅರ್ಧ ತಾಸು” ಎಂದ ಕಂಡಕ್ಟರ್. ಮೊದಲು ಅವನ ಮೇಲೆ ಹರಿಹಾಯ್ದೆ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಶತಪಥ ತಿರುಗಿದೆ. ಆಮೇಲೆ ಮನಸ್ಸು ತಾನೇ ಸಮಾಧಾನ ಹೇಳಿಕೊಂಡಿತು: ದೇವಪ್ಪ ಕೂತಿದ್ದಾನೆ, ಬೇವಿನ ಮರದ ನೆರಳಲ್ಲಿ ಕೂತಿದ್ದಾನೆ, ಕೂರಿಸಿದವನು ನೀನು. ಬಾಣಲೆಯಿಂದ ಮಿರ್ಚಿ ಏಳುತ್ತಿದ್ದವು. ಹುಟ್ಟೂರಿನ ಮಿರ್ಚಿಯ ವಾಸನೆಗೆ ನನ್ನ ಕಾಲು ಯಾವತ್ತೂ ನಿಲ್ಲುತ್ತದೆ. ಒಂದು ಪ್ಲೇಟು ಒಗ್ಗರಣೆ ಮಂಡಾಳು, ನಾಲ್ಕು ಮಿರ್ಚಿ ತಿಂದೆ. ತಿನ್ನುತ್ತ, ಮುಂದೆ ಈ ಪ್ರಸಂಗವನ್ನು ಯಾವ ಸಭೆಯಲ್ಲಿ ಹೇಗೆ ಹೇಳಬೇಕು ಎಂದೂ ಮನಸ್ಸಿನಲ್ಲಿ ತಾಲೀಮು ಮಾಡಿದೆ. ಆ ನಾಲ್ಕು ಮಿರ್ಚಿ ಇವತ್ತಿಗೂ ನನಗೆ ಅರಗಿಲ್ಲ.

ಗಿರಣಿಯ ಗೇಟು ದಾಟಿದಾಗ ಮಧ್ಯಾಹ್ನ ಇಳಿದಿತ್ತು. ದೇವಪ್ಪ ಖರೆಯೇ ಬೇವಿನ ಮರದ ಕೆಳಗೆ ಕೂತಿದ್ದ. ಮೂವತ್ತರೊಳಗಿನ ಹುಡುಗ. ಕೈಯಲ್ಲಿ ಚಹಾದ ಗ್ಲಾಸು, ಮುಖದ ತುಂಬ ಅವಮಾನ. ಹಾದುಹೋಗುವ ಹಮಾಲರು “ಏನಪಾ ಮದುಮಗ, ಅರಿಷಿಣ ಯಾವಾಗ?” ಎಂದು ಕಾಡುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದುನಿಂತ.

“ಏನ್ ತಪ್ಪ ಮಾಡೀನ್ರಿ ಮಾಸ್ತರ? ಮುಂಜಾನಿಂದ ಕುಂದ್ರಿಸ್ಯಾರ. ಕೇಳಿದ್ರ ನಿಮ್ಮ ಹೆಸರ ಹೇಳ್ತಾರ.”

“ತಪ್ಪಿಲ್ಲಪ. ಕೈ ಕೊಡು” ಎಂದೆ. ನಾಡಿ ಹಿಡಿದೆ. ಗಟ್ಟಿಮುಟ್ಟಾದ ನಾಡಿ. ಒಂದೂ ತಪ್ಪುತ್ತಿಲ್ಲ. ಇನ್ನೊಂದು ಕೈ ಹಿಡಿದೆ. ಅದೂ ಹಾಗೆಯೇ. ಹತ್ತು ಬೈಠಕ್ ಹೊಡೆಸಿ ಮತ್ತೆ ಹಿಡಿದೆ. ಕುದುರೆಯ ಎದೆ. ಸದ್ಯ, ಬದುಕಿದೆ ಎಂದುಕೊಂಡೆ. ಮರುಗಳಿಗೆ ಸಿಟ್ಟು ನೆತ್ತಿಗೇರಿತು. ಹುಬ್ಬಳ್ಳಿಯ ಆ ಅಮ್ಮನ ಮಾತು ಕೇಳಿ, ಕೈಗೆ ಬಂದ ಬಹುಮಾನ ಬಿಟ್ಟು, ಊರೆಲ್ಲ ಓಡಿಸಿಕೊಂಡೆನಲ್ಲ! ಎಣಿಕೆ ತಪ್ಪಿದ್ದು ನನ್ನದೇ. ಹಾಗೆಂದು ಮೊದಲೇ ಬರೆದಿದ್ದೆನಲ್ಲ!

ಅವನ ಕೈ ಬಿಡಬೇಕು ಎನ್ನುವಾಗ ನನ್ನ ಹೆಬ್ಬೆರಳು ಏನನ್ನೋ ಹುಡುಕುತ್ತಿತ್ತು. ಮುಖ ನೋಡದಿದ್ದರೂ ಮುಂಗೈ ನನಗೆ ನೆನಪಿತ್ತು. ಆವತ್ತು ಹಿಡಿದ ಮುಂಗೈಯಲ್ಲಿ ಹಸಿರು ಹಚ್ಚೆ ಇತ್ತು, ಸಣ್ಣ ಬಸವಣ್ಣನದು. ನಾಡಿ ತಡೆದಾಗಲೆಲ್ಲ ನಾನು ಆ ಬಸವಣ್ಣನ ಕೊಂಬನ್ನೇ ನೋಡಿದ್ದೆ. ಈ ಕೈ ಬೋಳಾಗಿತ್ತು.

“ದೇವಪ್ಪ, ನಿನ್ನ ಕೈಯಾಗಿನ ಹಚ್ಚಿ ಎಲ್ಲಿ?”

“ನನ್ನ ಕೈಯಾಗ ಎಲ್ಲೀದ್ರಿ? ಹಚ್ಚಿ ನಮ್ಮಣ್ಣನ ಕೈಯಾಗ ಐತಿ.”

“ನಿಮ್ಮಣ್ಣ?”

“ಅಮರಪ್ಪ ರೀ. ನೀವು ಮಣಿ ಹತ್ತಿಸಿದ ದಿನ ನಾ ಹೆಂಡ್ತೀನ ಕರಕೊಂಡ ಬರಾಕ ಹೋಗಿದ್ದೆ. ನಂಬರ್ ಖಾಲಿ ಬಿಡಬಾರದಂತ ಅವ ಬಂದಿದ್ದ.”

ಆಗ ನನಗೆ ತಿಳಿಯಿತು. ಹಮಾಲರ ತಂಡದಲ್ಲಿ ನಂಬರು ಒಬ್ಬನದಲ್ಲ, ಒಂದು ಮನೆತನದ್ದು. ಇವರ ಮನೆ ಹತ್ತಿರದ ಮುಕ್ಕುಂದ ಎಂಬ ಹಳ್ಳಿಯಲ್ಲಿ. ಹೊಲದಲ್ಲಿ ಕೆಲಸ ಇದ್ದವನು ಹೊಲಕ್ಕೆ, ಇಲ್ಲದವನು ಗಿರಣಿಗೆ. ಯಾರು ಬಂದರೂ ಹಾಜರಿಯಲ್ಲಿ ಹೆಸರು ಒಂದೇ, “ಹೂಂ ರೀ” ಒಂದೇ. ನಂಬರು ಒಂದು ದಿನ ಖಾಲಿ ಬಿದ್ದರೂ ಕಾಯುತ್ತ ಕೂತ ಬೇರೆ ಮನೆಯವರು ಅದನ್ನು ಹಿಡಿಯುತ್ತಾರೆ. ಇದು ಗಿರಣಿಯ ಕಸ ಹೊಡೆಯುವವರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವನು ಸಂಶೋಧನೆ ಮಾಡಿದ ನಾನೊಬ್ಬನೇ.

“ಈಗ ಎಲ್ಲಿದಾನ ನಿಮ್ಮಣ್ಣ? ಊರಾಗ ಅದಾನಿಲ್ಲ?” ಎಂದೆ. ಹೌದೆನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

“ಊರಾಗ ಇದ್ದಿದ್ರ ಛಲೋ ಇತ್ತು. ಎತ್ತಿಗೆ ನಾಲ ಬಡಿಸಾಕ ಇಲ್ಲಿಗೆ ಬಂದಿದ್ದ. ದೇವಪ್ಪ ಹೊರಬಾರದಂತ ನನ್ನ ಕುಂದ್ರಿಸಿದ್ರಲ್ರಿ, ನಂಬರ್ ಖಾಲಿ ಬೀಳ್ತದಂತ ಅವನಿಗೆ ಹೇಳಿ ಕಳಿಸಿದೆ. ಆವಾಗಿಂದ ಅವನ ಹೊರಾಕತ್ಯಾನ.” ದೇವಪ್ಪ ಗದ್ದ ಎತ್ತಿ ತೋರಿಸಿದ. “ಅಲ್ಲೇ ಅದಾನ ನೋಡ್ರಿ, ಹಲಗಿ ಮ್ಯಾಲ.”

ನೋಡಿದೆ. ಲಾರಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅದಕ್ಕೆ ತಕ್ಕಂತೆ ಹಲಗೆಯೂ ಕಡಿದಾಗಿ ನಿಂತಿತ್ತು. ಅದರ ನಡುಮಧ್ಯೆ ಒಬ್ಬ ಮನುಷ್ಯ, ಬೆನ್ನ ಮೇಲೆ ಕ್ವಿಂಟಲ್ ಚೀಲ, ನಿಂತುಬಿಟ್ಟಿದ್ದ. ನಡೆಯುತ್ತಿರಲಿಲ್ಲ, ನಿಂತಿದ್ದ. ಹಲಗೆ ಅವನ ಕೆಳಗೆ ಸಣ್ಣಗೆ ತೂಗುತ್ತಿತ್ತು.

“ಅಮ—” ಎಂದು ನಾನು ಬಾಯಿ ತೆರೆದದ್ದೇ ತಡ, ಹಿಂದಿನಿಂದ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ಮುಕಾದಮ ಹುಲಿಗೆಪ್ಪ. “ಕರೀಬ್ಯಾಡ್ರಿ!” ಎಂದು ಕಿವಿಯಲ್ಲಿ ಉಸುರಿದ. “ಹಲಗಿ ಮ್ಯಾಲ ಇದ್ದವನ್ನ ಹೆಸರ ಹಿಡದ ಕರೀಬಾರದು. ಹೊಳ್ಳಿ ನೋಡಿದನಂದ್ರ ಮುಗೀತು.” ಚೀಲ ಹೊತ್ತವನು ತಿರುಗಿದರೆ ಚೀಲವೂ ತಿರುಗುತ್ತದೆ, ಆಮೇಲೆ ಚೀಲದ ಕೆಳಗೆ ಮನುಷ್ಯ. ಅದು ಅವರ ಕಟ್ಟಳೆ. ಗಿರಣಿಯ ಯಜಮಾನನೂ ಅದನ್ನು ಮುರಿಯುತ್ತಿರಲಿಲ್ಲ.

ಹಾಗಾಗಿ ನಾನು ನಿಂತು ನೋಡಿದೆ. ಮಾಡಬಹುದಾದದ್ದು ಅಷ್ಟೇ ಇತ್ತು. ಅಮರಪ್ಪ ಒಂದು ಹೆಜ್ಜೆ ಇಟ್ಟ. ನಿಂತ. ಅವನ ಪಕ್ಕೆಗಳು ಏರುವುದು ಇಳಿಯುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಇನ್ನೊಂದು ಹೆಜ್ಜೆ. ಕೆಳಗೆ ಸರದಿ ಕಾಯುತ್ತಿದ್ದ ಹಮಾಲರು ಒಬ್ಬೊಬ್ಬರಾಗಿ ಚೀಲ ಕೆಳಗಿಟ್ಟರು. ನನ್ನ ತಂಬಿಗೆಯಷ್ಟು ವಿದ್ಯೆ, ಡಾಕ್ಟರಮ್ಮನ ಚೀಟಿ, ಕಿಸೆಯ ಸ್ಟಾಪ್‌ವಾಚು, ಯಾವುದೂ ಆ ಹಲಗೆಯ ತುದಿ ಮುಟ್ಟುವಂತಿರಲಿಲ್ಲ. ಬದುಕಿನಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಅವನು ಬಿದ್ದರೆ ಬೀಳಿಸಿದವನು ನಾನು. ಬೆಳಿಗ್ಗೆ ಫೋನು ಮಾಡದೆ ಸುಮ್ಮನಿದ್ದರೆ ಅವನು ಈ ಹೊತ್ತಿಗೆ ಎತ್ತಿನ ಹಗ್ಗ ಹಿಡಿದು ನೆರಳಲ್ಲಿ ಕೂತಿರುತ್ತಿದ್ದ. ಮಸ್ಕಿಯಲ್ಲಿ ನಾನು ಮಿರ್ಚಿ ತಿನ್ನುತ್ತಿದ್ದಾಗ ಇವನು ಎಷ್ಟು ಸಲ ಇದನ್ನು ಏರಿರಬೇಕು? ಮೂರನೆಯ ಹೆಜ್ಜೆ. ನಾಲ್ಕನೆಯದು. ತುದಿಯಲ್ಲಿ ಮಂಡಿ ಬಾಗಿತು. ಹುಲಿಗೆಪ್ಪನ ಉಗುರುಗಳು ನನ್ನ ತೋಳಿಗೆ ನೆಟ್ಟವು. ಅಮರಪ್ಪ ಭುಜ ಒಗೆದ. ಚೀಲ ಲಾರಿಯೊಳಗೆ ಧೊಪ್ಪೆಂದು ಬಿತ್ತು. ಅವನು ಅದರ ಪಕ್ಕದಲ್ಲೇ ಕುಸಿದು ಕೂತ.

ನಾನು ಹಲಗೆ ಏರಿ ಓಡಿದೆ. ಇಬ್ಬರು ಹಿಂದೆಯೇ ಬಂದು ಅವನನ್ನು ಮೆಲ್ಲಗೆ ಇಳಿಸಿದರು. ಟವೆಲು ಸರಿಸಿದಾಗ ಅವನ ಮುಖವನ್ನು ಮೊದಲ ಸಲ ನೋಡಿದೆ. ಐವತ್ತರ ಹತ್ತಿರದ ಮನುಷ್ಯ, ಹಣೆಯ ವಿಭೂತಿ ಬೆವರಿಗೆ ಕದಡಿತ್ತು, ತುಟಿ ನೀಲಿಗಟ್ಟಿತ್ತು. ಮುಂಗೈಯಲ್ಲಿ ಬಸವಣ್ಣ. ನಾಡಿ ಎರಡು ಹೊಡೆದು ಒಂದು ನುಂಗುತ್ತಿತ್ತು. ನನ್ನ ಎಣಿಕೆ ತಪ್ಪಿರಲಿಲ್ಲ.

“ಆವತ್ತು ನೀ ದೇವಪ್ಪ ಅಂತ ಯಾಕ ಹೇಳಿದಿ?” ಎಂದೆ. ಅಳು ಬರುವ ಹಾಗಿತ್ತು, ಮಾತು ಬೈದ ಹಾಗೆ ಬಂತು.

ಅವನು ಉಸಿರು ಹಿಡಿದು ಹಿಡಿದು ಹೇಳಿದ. “ನಾ ಏನ್ ಸುಳ್ಳ ಹೇಳಿಲ್ರಿ. ಆವತ್ತ ನಾನ ದೇವಪ್ಪ ಇದ್ದೆ. ನೀವು ಕರದ್ರಿ, ನಾ ಬಂದೆ.”

ಅಷ್ಟಾದರೂ ಅವನು ಏಳಲು ನೋಡಿದ. ಅರ್ಧ ತುಂಬಿದ ಲಾರಿ ಬಿಟ್ಟು ಹೋಗುವುದು ಹಮಾಲನಿಗೆ ಹೇಳಿದ್ದಲ್ಲವಂತೆ. ದೇವಪ್ಪ ಚಹಾದ ಗ್ಲಾಸು ಕೆಳಗಿಟ್ಟು, ಅಣ್ಣನ ತಲೆಯ ಟವೆಲು ಬಿಚ್ಚಿ ತನ್ನ ತಲೆಗೆ ಸುತ್ತಿಕೊಂಡು, ಚೀಲದ ಕೆಳಗೆ ಬೆನ್ನು ಕೊಟ್ಟ. ಆಗ ಅಮರಪ್ಪ ಕೂತ.

ಮರುದಿನ ರಾಯಚೂರಿನ ವೈದ್ಯರು ಹೃದಯದ ಒಂದು ಕವಾಟ ಕೆಟ್ಟಿದೆ ಎಂದರು. ಗುಳಿಗೆ ಬರೆದರು. ಭಾರ ಎತ್ತುವುದು ಇನ್ನು ಇಲ್ಲ, ವಾರಕ್ಕೊಮ್ಮೆ ಯಾರಾದರೂ ನಾಡಿ ನೋಡಬೇಕು, ತಡೆಯುವುದು ಹೆಚ್ಚಾದರೆ ಕೂಡಲೇ ಕರೆತರಬೇಕು ಎಂದರು. ನಾನು ನೋಡುತ್ತೇನೆ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಅಮರಪ್ಪ ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದ. “ಇಷ್ಟ ವರ್ಷ ಹೊತ್ತೀನಿ, ಏನೂ ಆಗಿದ್ದಿಲ್ಲ. ನೀವು ಎಣಿಸಿದ ಮ್ಯಾಲ ಆತು.”

ಹುಲಿಗೆಪ್ಪ ಸುಬ್ಬಾರಾಯನಿಗೆ ಹೇಳಿ ಅಮರಪ್ಪನಿಗೆ ಚೀಲದ ಬಾಯಿ ಹೊಲಿಯುವ ಕೆಲಸ ಕೊಡಿಸಿದ. ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು ನೆಲದ ಮೇಲೆ ಕೂತು ಹೊಲಿಯಬೇಕು. ಮುದುಕರು, ಕೈಕಾಲು ಮುರಿದುಕೊಂಡವರು ಮಾಡುತ್ತಿದ್ದ ಕೆಲಸ. ಜೀವ ಉಳಿಯಿತು ಎಂದು ಎಲ್ಲರೂ ನನ್ನನ್ನು ಹೊಗಳಿದರು. ಅಮರಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟ. ನಾನು ಶನಿವಾರ ಶನಿವಾರ ಗಿರಣಿಗೆ ಹೋಗುತ್ತಿದ್ದೆ. ನನ್ನನ್ನು ಕಂಡರೆ ಅವನು ಎರಡೂ ಕೈಗಳನ್ನು ಚೀಲದೊಳಗೆ ಮೊಣಕೈತನಕ ತೂರಿಸಿಬಿಡುತ್ತಿದ್ದ. ಬೇಡಿದೆ, ಗದರಿದೆ, ಅವನ ಹೆಂಡತಿಯಿಂದ ಹೇಳಿಸಿದೆ. ಕೈ ಹೊರಗೆ ಬರಲಿಲ್ಲ. ನಾಡಿ ಹೇಗಿದೆಯೋ, ಇಳಿದಿದೆಯೋ ಏರಿದೆಯೋ, ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ ಕೇಳುವುದನ್ನೂ ಬಿಟ್ಟು ಅವನ ಎದುರು ಕೂತು ಚೀಲದ ಬಾಯಿ ಮಡಿಚಿ ಹಿಡಿಯತೊಡಗಿದೆ. ಅವನು ಹೊಲಿಯುತ್ತಿದ್ದ. ಒಂದೆರಡು ಸಲ ದಬ್ಬಣ ನನ್ನ ಬೆರಳಿಗೆ ಚುಚ್ಚಿತು. ಬೇಕೆಂದೇ ಚುಚ್ಚಿದ ಎಂದು ನನಗೆ ಇವತ್ತಿಗೂ ಗುಮಾನಿ.

ಒಂದು ಹಂಗಾಮು ಹೀಗೇ ಕಳೆಯಿತು. ಮುಂದಿನ ವರ್ಷ ಡಾಕ್ಟರಮ್ಮ ಕಾಗದ ಬರೆದು, ಆ ನಾಡಿ ಎಣಿಸುವ ಕೆಲಸವನ್ನು ಬಿಡಬೇಡಿ, ಮೊದಲಿನಿಂದ ಸರಿಯಾಗಿ ಮಾಡಿ ಎಂದರು. ಮತ್ತೆ ಮಣೆ ಹೊರಿಸಿಕೊಂಡು ಗಿರಣಿಗೆ ಹೋದೆ. ಈ ಸಲ ಗುಮಾಸ್ತನ ಯಾದಿ ಮುಟ್ಟಲಿಲ್ಲ. ಒಬ್ಬೊಬ್ಬನನ್ನೂ ಎದುರಿಗೆ ಕೂರಿಸಿಕೊಂಡು, ಟವೆಲು ತೆಗೆಸಿ, ಮುಖ ನೋಡಿ, “ನಿನ್ನ ಸ್ವಂತ ಹೆಸರೇನು? ಇವತ್ತ ಯಾರ ನಂಬರಿನ ಮ್ಯಾಲ ಬಂದಿ?” ಎಂದು ಕೇಳಿ ಬರೆದುಕೊಂಡೆ. ಹಮಾಲರಿಗೆ ಇದು ಮಣೆಗಿಂತ ದೊಡ್ಡ ತಮಾಷೆಯಾಯಿತು. ಬೇಕಂತಲೇ ಒಬ್ಬರ ಹೆಸರು ಒಬ್ಬರು ಹೇಳಿ ನನ್ನನ್ನು ಗೋಳು ಹೊಯ್ದುಕೊಂಡರು. ಅಮರಪ್ಪ ತುಸು ದೂರದಲ್ಲಿ ಬೆನ್ನು ಮಾಡಿ ಕೂತು ಹೊಲಿಯುತ್ತಿದ್ದ.

ಕೊನೆಯವನ ನಾಡಿ ಎಣಿಸಿ ನೋಟುಪುಸ್ತಕ ಮುಚ್ಚುವಾಗ ಹಿಂದಿನಿಂದ ದನಿ ಬಂತು. ಅಷ್ಟು ದಿನ ಕೇಳದ ದನಿ.

“ಮಾಸ್ತರ, ಮುಗೀತೇನು? ನನ್ನ ಬಿಟ್ರಲ್ಲ.”

ತಿರುಗಿದೆ. ಅಮರಪ್ಪ ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿದ್ದ. ಎರಡೂ ಕೈ ಹೊರಗಿದ್ದವು. ನಾನು ಹೋಗಿ ಅವನ ಎದುರು ಕೂತೆ. ಅವನು ಕೈ ಕೊಡಲಿಲ್ಲ; ಮುಖ ಗಂಟು ಹಾಕಿಕೊಂಡೇ ಕೇಳಿದ:

“ಈ ಸಲ ಯಾರ ಹೆಸರ್ಲೆ ಬರಕೋತೀರಿ?”

“ನಿಮ್ಮ ಹೆಸರ್ಲೇ, ಅಮರಪ್ಪಣ್ಣ” ಎಂದೆ. ಅವನನ್ನು ‘ನೀವು’ ಎಂದದ್ದು ಅದೇ ಮೊದಲು.

“ಮೊದಲ ಬರೀರಿ. ನಾ ನೋಡ್ತೀನಿ” ಎಂದ. ಅವನಿಗೆ ಓದು ಬರುತ್ತಿರಲಿಲ್ಲ. ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಮುಂಗೈಯನ್ನು ಪಂಚೆಗೆ ಒರೆಸಿ, ನನ್ನ ಕೈಯೊಳಗೆ ಇಟ್ಟ.